ಕ್ರೋನೋ ಟ್ರಿಗರ್: ನಮ್ಮ ಕಡೆ ಸೇರಿದ ಮೇಗಸ್ ಯಾಕೆ ಸಪ್ಪೆ?

ಕ್ರೋನೋ ಟ್ರಿಗರ್ ಎಂಬ ಕಾಲಪ್ರಯಾಣದ ವೀಡಿಯೊ ಗೇಮಿನಲ್ಲಿ ಮೊದಲು ಶತ್ರುವಾಗಿದ್ದ ಮಾಂತ್ರಿಕ ಮೇಗಸ್ ನಮ್ಮ ಕಡೆ ಸೇರಿದ ಮೇಲೆ ಸಪ್ಪೆಯಾಗಿದ್ದಾನೆ, ಸೇವ್ (ಉಳಿಸಿಟ್ಟ ಆಟ) ಹಾಳಾಯಿತಾ ಅಂತ ಕೇಳಿದ್ದಿರಿ. ನಿಮ್ಮ ಸೇವ್ ಹಾಳಾಗಿಲ್ಲ. ಆಟ ಮಾಡಿರುವುದೇ ಹಾಗೆ. ಬಾಸ್ (ದೊಡ್ಡ ಶತ್ರು) ಆಗಿದ್ದಾಗ ಮೇಗಸ್‌ಗೆ 6,666 ಎಚ್‌ಪಿ, ಅಂದರೆ ಜೀವಬಲ. ನಮ್ಮ ಕಡೆ ಯಾರೂ 999 ದಾಟುವಂತಿಲ್ಲ. ಅಲ್ಲಿ ಅವನೊಬ್ಬನೇ ಮೂವರ ಏಟು ತಡೆಯಬೇಕು, ಬಣ್ಣದ ವೇಷ ಒಂದೇ ಇಡೀ ರಂಗ ತುಂಬಬೇಕಲ್ವಾ, ಹಾಗೆ. ಇಲ್ಲಿ ಅವನು ಮೂವರಲ್ಲಿ ಒಬ್ಬ.

ಇನ್ನೊಂದು, ಮೇಗಸ್‌ನ ಕೋಟೆಯಲ್ಲಿ ಕೊನೆಗೆ ನಿಮ್ಮನ್ನು ಮಲಗಿಸಿದ ಆ ಡಾರ್ಕ್ ಮ್ಯಾಟರ್ ಮಂತ್ರ ನಮ್ಮ ಕಡೆ ಸೇರುವಾಗ ಅವನ ಹತ್ತಿರ ಇರುವುದಿಲ್ಲ. ಬೆಂಕಿ, ಮಂಜು, ಮಿಂಚು ಇಷ್ಟೇ. ಉಳಿದದ್ದನ್ನು ಮತ್ತೆ ಕಲಿಸಬೇಕು.

ಮೊದಲು ಅವನನ್ನು ಮೂವರಲ್ಲಿ ಒಬ್ಬನಾಗಿಯೇ ಇಟ್ಟುಕೊಳ್ಳಿ. ಟೆಕ್ (ವಿಶೇಷ ದಾಳಿ) ಕಲಿಯಲು ಬೇಕಾದ ಟೆಕ್ ಪಾಯಿಂಟ್ ಸಿಗುವುದು ಹೊಡೆದಾಟದಲ್ಲಿ ನಿಂತವರಿಗೆ ಮಾತ್ರ, ಹೊರಗೆ ಕೂರಿಸಿದರೆ ಏನೂ ಕಲಿಯುವುದಿಲ್ಲ. ಉಡುಪಿ–ಮಂಗಳೂರು ಬಸ್ಸಿನಲ್ಲಿ ಫೋನಿನಲ್ಲಿ ಆಡುತ್ತೇನೆ ಅಂದಿರಲ್ಲ, ಒಂದು ಟ್ರಿಪ್ಪಿನಲ್ಲಿ ನಾಲ್ಕೈದು ಸಣ್ಣ ಹೊಡೆದಾಟ ಆರಾಮಾಗಿ ಮುಗಿಯುತ್ತದೆ. ಡಾರ್ಕ್ ಮ್ಯಾಟರ್ ಕೊನೆಯ ಟೆಕ್, ತಾಳ್ಮೆ ಬೇಕು. ಆದರೆ ಎಲ್ಲ ಶತ್ರುಗಳಿಗೂ ಒಟ್ಟಿಗೆ ಬೀಳುವುದನ್ನು ನೋಡಿದರೆ ಕಾದದ್ದು ಸಾರ್ಥಕ ಅನಿಸುತ್ತದೆ.

ನೀವು ಕಥೆಯಲ್ಲಿ ಎಲ್ಲಿದ್ದೀರೋ ಬರೆದಿಲ್ಲ. ಕೊನೆಯ ಭಾಗದ ಉಪಕಥೆಗಳು ತೆರೆದಿದ್ದರೆ ಮೇಗಸ್‌ನನ್ನೇ ಕರೆದುಕೊಂಡು ಕ್ರಿ.ಶ. 600ರ ಕಾಲದಲ್ಲಿರುವ, ಅವನ ಹಳೆಯ ಬಂಟ ಓಜಿಯ ಕೋಟೆಗೆ ಹೋಗಿ. ಅವನ ಒಳ್ಳೆಯ ಕುಡುಗೋಲು, ಮೇಲಂಗಿ, ಶಿರಸ್ತ್ರಾಣ ಅಲ್ಲೇ ಸಿಗುತ್ತವೆ. ಜೊತೆಗಾರರು ಬಿದ್ದಷ್ಟೂ ಆ ಕುಡುಗೋಲಿನ ಏಟು ಜಾಸ್ತಿ. ಇಬ್ಬರು ಸೇರಿ ಹೊಡೆಯುವ ಜೋಡಿ ಟೆಕ್ ಮಾತ್ರ ಅವನಿಗೆ ಇಲ್ಲ, ಸುಮ್ನೆ ಹುಡುಕಬೇಡಿ.