ಯುದ್ಧ, ಬಡತನ ಇರುವ ದೇಶಗಳಲ್ಲಿ ಶಾಲೆ ಕಟ್ಟಿಸಿಕೊಟ್ಟರೆ ಸಾಲದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಇಂಥ ದೇಶಗಳಿಗೆ ವರ್ಷ ವರ್ಷವೂ ಅಷ್ಟೊಂದು ನೆರವು ಹೋಗುತ್ತದೆ, ಒಳ್ಳೆಯ ಶಾಲೆ ಕಟ್ಟಿಸಿದರೆ ಮಕ್ಕಳು ತಾವಾಗಿಯೇ ಬರುತ್ತಾರಲ್ಲ, ಮತ್ತೆ ಯಾಕೆ ಇನ್ನೂ ಕೋಟಿಗಟ್ಟಲೆ ಮಕ್ಕಳು ಹೊರಗಿದ್ದಾರೆ? ಜೊತೆಗೆ, 'ಮೊದಲು ಅನ್ನ, ಔಷಧಿ. ಓದು ಆಮೇಲೆ ಅಲ್ವಾ?' ಅಂತಲೂ ಕೇಳಿದ್ದೀರಿ.

ನಾನು ತಜ್ಞೆ ಅಲ್ಲ. ವಾರಕ್ಕೆ ಎರಡು ದಿನ ಫೋನಿನಲ್ಲಿ ಅಫ್ಘಾನಿಸ್ತಾನದ ಕೆಲವು ಹುಡುಗಿಯರಿಗೆ ಗಣಿತ ಹೇಳಿಕೊಡುತ್ತೇನೆ, ಅಷ್ಟೇ. ಪಟ್ಟಿಯಲ್ಲಿ ಹನ್ನೊಂದು ಹೆಸರಿವೆ, ಪಾಠಕ್ಕೆ ಬರುವವರು ಐದಾರು ಜನ. ಕ್ಯಾಮೆರಾ ಯಾರೂ ಹಾಕುವುದಿಲ್ಲ. ಕರೆಂಟ್ ಹೋದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಲೆಕ್ಕ ಮಾಡಿ ಹಾಳೆಯ ಫೋಟೋ ಕಳಿಸುತ್ತಾರೆ, ನಾನು ತಿದ್ದಿ ವಾಪಸ್ ಕಳಿಸುತ್ತೇನೆ. ಇದನ್ನು ಶುರು ಮಾಡುವ ಮುಂಚೆ ನಾನೂ ನಿಮ್ಮ ಹಾಗೆಯೇ ಯೋಚಿಸುತ್ತಿದ್ದೆ. ಕಟ್ಟಡ ಇಲ್ಲ, ಅದಕ್ಕೇ ಓದಿಲ್ಲ ಅಂತ.

ಆದರೆ ಈ ಹುಡುಗಿಯರ ಊರಲ್ಲಿ ಶಾಲೆ ಇದೆ. ಬೆಂಚೂ ಇದೆ, ಬೋರ್ಡೂ ಇದೆ. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ಹಿಡಿಯಿತು. ಮುಂದಿನ ತಿಂಗಳು ಹೈಸ್ಕೂಲು ತೆರೆದಾಗ ಹುಡುಗರನ್ನು ಮಾತ್ರ ಕರೆದರು. 2022ರ ಮಾರ್ಚ್ 23ಕ್ಕೆ ಹುಡುಗಿಯರಿಗೂ ತೆರೆಯುತ್ತೇವೆ ಅಂದರು. ಅವರು ಬ್ಯಾಗ್ ಹಾಕಿಕೊಂಡು ಹೋದರು, ಕೆಲವೇ ಗಂಟೆಗಳಲ್ಲಿ ಮನೆಗೆ ಕಳಿಸಿದರು. ಆ ವರ್ಷ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. 2024ರ ಕೊನೆಗೆ ನರ್ಸ್, ಸೂಲಗಿತ್ತಿ ತರಬೇತಿಯೂ ನಿಂತಿತು. ಆರನೇ ತರಗತಿ ದಾಟಿದ ಕನಿಷ್ಠ 14 ಲಕ್ಷ ಹುಡುಗಿಯರು ಹೀಗೆ ಹೊರಗುಳಿದಿದ್ದಾರೆ ಎಂದು ಯುನೆಸ್ಕೊ 2024ರಲ್ಲಿ ಲೆಕ್ಕ ಕೊಟ್ಟಿತು. ನನ್ನ ಒಬ್ಬ ವಿದ್ಯಾರ್ಥಿನಿಯ ತಂಗಿ ಎರಡನೇ ಸಲ ಆರನೇ ತರಗತಿಯಲ್ಲಿ ಕೂತಿದ್ದಾಳೆ. ಫೇಲಾಗಿ ಅಲ್ಲ. ಪಾಸಾದರೆ ಮನೆಯಲ್ಲಿ ಕೂರಬೇಕಲ್ಲ, ಅದಕ್ಕೆ.

ಹೋಗಲಿ, ಅಲ್ಲಿ ಆಳುವವರೇ ಬೇಡ ಅಂದಿದ್ದಾರೆ, ಅದು ಬೇರೆ ಲೆಕ್ಕ ಅನ್ನಬಹುದು ನೀವು. ಸರಿ, ಯೆಮನ್ ನೋಡೋಣ. ನನ್ನ ಪ್ರಕಾರ ಈ ಪ್ರಶ್ನೆಗೆ ಅಫ್ಘಾನಿಸ್ತಾನಕ್ಕಿಂತ ಒಳ್ಳೆಯ ಪಾಠ ಅಲ್ಲಿದೆ.

2014ರ ಸೆಪ್ಟೆಂಬರಿನಲ್ಲಿ ಹೂಥಿಗಳು ಎಂಬ ಬಂಡುಕೋರರು ರಾಜಧಾನಿ ಸನಾ ಹಿಡಿದರು. 2015ರ ಮಾರ್ಚಿನಿಂದ ಸೌದಿ ನೇತೃತ್ವದ ಕೂಟ ಬಾಂಬ್ ಹಾಕಲು ಶುರು ಮಾಡಿತು. ಬಾಂಬಿನಿಂದ ಶಾಲೆಗಳು ಬಿದ್ದವು, ನಿಜ. ಆದರೆ ದೊಡ್ಡ ಪೆಟ್ಟು ಬಿದ್ದಿದ್ದು ಬೇರೆ ಕಡೆಯಿಂದ. 2016ರ ಸೆಪ್ಟೆಂಬರಿನಲ್ಲಿ ಸೌದಿ ಬೆಂಬಲವಿದ್ದ ಸರ್ಕಾರ ಕೇಂದ್ರ ಬ್ಯಾಂಕನ್ನು ಸನಾದಿಂದ ತನ್ನ ಹಿಡಿತದಲ್ಲಿದ್ದ ಏಡನ್ ನಗರಕ್ಕೆ ಒಯ್ದಿತು. ಅದಾದ ಮೇಲೆ ಹೂಥಿಗಳ ಕೈಯಲ್ಲಿದ್ದ ಭಾಗದಲ್ಲಿ ಸರ್ಕಾರಿ ನೌಕರರ ಸಂಬಳವೇ ನಿಂತುಹೋಯಿತು. ನೌಕರರೆಂದರೆ ಮೇಷ್ಟ್ರುಗಳೂ ಸೇರಿದರು. ಯುನಿಸೆಫ್ ಪ್ರಕಾರ ಸುಮಾರು 1,70,000 ಶಿಕ್ಷಕರಿಗೆ, ಅಂದರೆ ದೇಶದ ಮೂರರಲ್ಲಿ ಎರಡು ಪಾಲು ಶಿಕ್ಷಕರಿಗೆ, ವರ್ಷಗಟ್ಟಲೆ ಸರಿಯಾಗಿ ಸಂಬಳ ಬಂದಿಲ್ಲ.

ಒಂದು ತಿಂಗಳು ಸಂಬಳ ಬರದಿದ್ದರೆ ಮೇಷ್ಟ್ರು ಸಾಲ ಮಾಡುತ್ತಾರೆ. ಮೂರು ತಿಂಗಳಾದರೆ ಹೆಂಡತಿಯ ಒಡವೆ ಮಾರುತ್ತಾರೆ. ವರ್ಷವಾದರೆ? ಕೂಲಿಗೋ, ಟ್ಯಾಕ್ಸಿ ಓಡಿಸಲಿಕ್ಕೋ ಹೋಗಲೇಬೇಕು, ಮನೆಯಲ್ಲಿ ಅವರಿಗೂ ಮಕ್ಕಳಿದ್ದಾರಲ್ಲ. ಶಾಲೆ ಒಂದೇ ದಿನ ಮುಚ್ಚುವುದಿಲ್ಲ. ಮೊದಲು ವಿಜ್ಞಾನದ ಮೇಷ್ಟ್ರು ಬರುವುದಿಲ್ಲ. ಆಮೇಲೆ ವಾರಕ್ಕೆ ಮೂರು ದಿನ ಪಾಠ. ಆಮೇಲೆ ಮಕ್ಕಳೇ ಸುಮ್ನೆ ಯಾಕೆ ಅಷ್ಟು ದೂರ ನಡೆಯುವುದು ಅಂತ ಬಿಡುತ್ತಾರೆ. ಕಟ್ಟಡ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಹಾಗಾದರೆ ನೆರವು ಕೊಡುವವರೇ ಸಂಬಳ ಕೊಡಬಹುದಲ್ಲ? 2019ರಲ್ಲಿ ಯುನಿಸೆಫ್ ಯೆಮನ್‌ನಲ್ಲಿ ಅಂಥದ್ದೇ ಒಂದು ಕೆಲಸ ಮಾಡಿತು. ಒಂದು ಲಕ್ಷಕ್ಕೂ ಜಾಸ್ತಿ ಶಿಕ್ಷಕರಿಗೆ ತಿಂಗಳಿಗೆ ಸುಮಾರು 50 ಡಾಲರ್ ಪ್ರೋತ್ಸಾಹಧನ. ಸಂಬಳ ಅನ್ನುವ ಪದ ಬಳಸಲಿಲ್ಲ, ಗಮನಿಸಿ. ಯಾಕೆಂದರೆ ಸಂಬಳ ಕೊಡುವುದು ಸರ್ಕಾರದ ಕೆಲಸ, ಒಮ್ಮೆ ಹೊತ್ತುಕೊಂಡರೆ ಕೊನೆಯಿಲ್ಲ. ಯುದ್ಧದ ಎರಡು ಕಡೆಯವರಲ್ಲಿ ಯಾರ ನೌಕರರಿಗೆ ಕೊಡುತ್ತಿದ್ದೀರಿ ಎಂಬ ಜಗಳ ಬೇರೆ. ಕಟ್ಟಡಕ್ಕೆ ಈ ತಾಪತ್ರಯ ಇಲ್ಲ. ಒಂದು ಸಲ ಖರ್ಚು, ಒಂದು ಫಲಕ, ಒಂದು ಫೋಟೋ. ಕೊಡುವವರಿಗೆ ಕಟ್ಟಡವೇ ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ಸುಡಾನಿನಲ್ಲಿ ಕಟ್ಟಡವೇ ಬೇರೆ ಕೆಲಸಕ್ಕೆ ಹೋಯಿತು. 2023ರ ಏಪ್ರಿಲ್ 15ರಂದು ಸೇನೆ ಮತ್ತು ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಯ ನಡುವೆ ಕದನ ಶುರುವಾದ ಮೇಲೆ ಮನೆ ಬಿಟ್ಟು ಓಡಿದವರು ಶಾಲೆಗಳಲ್ಲಿ ತಂಗಿದರು. ಮರುವರ್ಷದ ಹೊತ್ತಿಗೆ ಶಾಲೆಯ ವಯಸ್ಸಿನ ಸುಮಾರು 1.9 ಕೋಟಿ ಮಕ್ಕಳಲ್ಲಿ 1.7 ಕೋಟಿ ಹೊರಗಿದ್ದರು. ಇಲ್ಲಿ ಯಾರನ್ನು ಬೈಯುತ್ತೀರಿ? ಪಾಠ ಶುರು ಮಾಡಬೇಕೆಂದರೆ ತರಗತಿಯಲ್ಲಿ ಮಲಗಿರುವ ಸಂಸಾರವನ್ನು ಹೊರಗೆ ಹಾಕಬೇಕು. ಆ ಸಂಸಾರದಲ್ಲೂ ಮಕ್ಕಳಿದ್ದಾರೆ. ಗಾಜಾದಲ್ಲೂ 2023ರ ಅಕ್ಟೋಬರಿನಿಂದ ಇದೇ ಆಯಿತು, ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ತರಗತಿ ನಿಂತಿತು.

ನೈಜೀರಿಯಾದ ಚಿಬೋಕ್ ನಿಮಗೆ ನೆನಪಿರಬಹುದು. 2014ರ ಏಪ್ರಿಲ್ 14ರ ರಾತ್ರಿ ಬೊಕೊ ಹರಾಮ್ ಎಂಬ ಉಗ್ರರ ಗುಂಪು ಶಾಲೆಯ ಹಾಸ್ಟೆಲಿನಿಂದ 276 ಹುಡುಗಿಯರನ್ನು ಎತ್ತಿಕೊಂಡು ಹೋಯಿತು. ಇಂಥದ್ದು ಒಂದು ಕಡೆ ನಡೆದರೆ ಸುತ್ತಲಿನ ನೂರು ಹಳ್ಳಿಯ ಅಪ್ಪ ಅಮ್ಮಂದಿರು ಮಕ್ಕಳನ್ನು ಮನೆಯಲ್ಲಿಟ್ಟುಕೊಳ್ಳುತ್ತಾರೆ. ಶಾಲೆಗಳಲ್ಲಿ ಸೈನಿಕರು ಬೀಡು ಬಿಡದ ಹಾಗೆ ನೋಡಿಕೊಳ್ಳುತ್ತೇವೆ ಎಂದು 2015ರಲ್ಲಿ ಓಸ್ಲೋದಲ್ಲಿ 'ಸುರಕ್ಷಿತ ಶಾಲೆ ಘೋಷಣೆ' ಹೊರಟಿತು, ಈಗ ಸುಮಾರು 120 ದೇಶಗಳು ಒಪ್ಪಿವೆ. ಒಪ್ಪುವುದು ಬೇರೆ, ಪಾಲಿಸುವುದು ಬೇರೆ.

ಇನ್ನು ದೂರ. ಇದರ ಬಗ್ಗೆ ನನಗೆ ತುಂಬ ಇಷ್ಟವಾದ ಒಂದು ಅಧ್ಯಯನ ಇದೆ, ಅದೂ ಅಫ್ಘಾನಿಸ್ತಾನದ್ದೇ. ಡೇನಾ ಬರ್ಡ್ ಮತ್ತು ಲೀ ಲಿಂಡನ್ ಅನ್ನುವವರು 2007ರಲ್ಲಿ ಘೋರ್ ಪ್ರಾಂತ್ಯದ 31 ಹಳ್ಳಿಗಳಲ್ಲಿ ಮಾಡಿದ್ದು. ಗುಡ್ಡಗಾಡು, ಬಡ ಸೀಮೆ. ಅಲ್ಲಿ ದೊಡ್ಡ ಸರ್ಕಾರಿ ಶಾಲೆ ನಾಲ್ಕಾರು ಹಳ್ಳಿಗೆ ಒಂದು. ಇವರು 13 ಹಳ್ಳಿಗಳಲ್ಲಿ ಹಳ್ಳಿಯೊಳಗೇ ಪುಟ್ಟ ಶಾಲೆ ಇರುವಂತೆ ನೋಡಿಕೊಂಡು, ಉಳಿದ ಹಳ್ಳಿಗಳ ಜೊತೆ ಹೋಲಿಸಿದರು. ಹೊಸ ಕಟ್ಟಡ ಇಲ್ಲ. ಹಳ್ಳಿಯಲ್ಲೇ ಇದ್ದ ಜಾಗದಲ್ಲಿ ತರಗತಿ, ಓದು ಬರೆಹ ಬಲ್ಲ ಸ್ಥಳೀಯರೇ ಶಿಕ್ಷಕರು.

ಶಾಲೆ ಬಂದ ಹಳ್ಳಿಗಳಲ್ಲಿ ಪ್ರತಿ ನೂರು ಹುಡುಗರಲ್ಲಿ ಓದುವವರ ಸಂಖ್ಯೆ 35ರಷ್ಟು ಹೆಚ್ಚಾಯಿತು. ಹುಡುಗಿಯರದ್ದು 52ರಷ್ಟು. ಹಾಜರಿಯಲ್ಲಿ ಗಂಡು ಹೆಣ್ಣಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಶಾಲೆ ಒಂದೊಂದು ಮೈಲಿ ದೂರವಾದಂತೆ ನೂರಕ್ಕೆ 16 ಮಕ್ಕಳು ಕಡಿಮೆಯಾಗುತ್ತಿದ್ದರು, ಹುಡುಗಿಯರು ಇನ್ನೂ ಬೇಗ. 'ಆ ಜನಕ್ಕೆ ಹೆಣ್ಣುಮಕ್ಕಳು ಓದುವುದೇ ಬೇಡ' ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಅವರಿಗೆ ಬೇಡವಾಗಿದ್ದು ಎರಡು ಮೂರು ಮೈಲಿಯ ಆ ದಾರಿ. ಏಳು ವರ್ಷದ ಮಗಳನ್ನು ಬಂದೂಕು ಹಿಡಿದವರು ಓಡಾಡುವ ದಾರಿಯಲ್ಲಿ ಒಬ್ಬಳನ್ನೇ ಕಳಿಸುವವರು ಯಾರಿದ್ದಾರೆ?

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಇದನ್ನು ಬಹಳ ಮುಂಚೆಯೇ ಕಂಡುಕೊಂಡಿತ್ತು. 1985ರಲ್ಲಿ 22 ಶಾಲೆಗಳಿಂದ ಶುರು. ಒಂದು ಕೋಣೆ, ಮೂವತ್ತರಷ್ಟು ಮಕ್ಕಳು, ಅದೇ ಊರಿನ ಒಬ್ಬ ಹೆಂಗಸು ಟೀಚರ್. ಹೊಲದ ಕೆಲಸಕ್ಕೆ ಹೊಂದುವ ಹಾಗೆ ಶಾಲೆಯ ಸಮಯ. ತುರ್ತು ಸಮಯಕ್ಕೆ ಯುನಿಸೆಫ್ ಇನ್ನೂ ಚಿಕ್ಕದು ಮಾಡಿದೆ: 'ಪೆಟ್ಟಿಗೆಯಲ್ಲಿ ಶಾಲೆ'. ಒಂದು ಅಲ್ಯೂಮಿನಿಯಂ ಪೆಟ್ಟಿಗೆ, ಅದರೊಳಗೆ ಒಬ್ಬ ಶಿಕ್ಷಕರಿಗೆ ಮತ್ತು 40 ಮಕ್ಕಳಿಗೆ ಬೇಕಾದ ಸಾಮಾನು. ಮುಚ್ಚಳಕ್ಕೆ ಬಣ್ಣ ಬಳಿದರೆ ಅದೇ ಬೋರ್ಡು.

ಬಡತನದ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವ ಅಡ್ಡಿ ಶುಲ್ಕ. ಮಲಾವಿ 1994ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆಯಿತು. 19 ಲಕ್ಷ ಇದ್ದ ಮಕ್ಕಳ ಸಂಖ್ಯೆ ಒಂದೇ ಏಟಿಗೆ ಸುಮಾರು 30 ಲಕ್ಷಕ್ಕೆ ಏರಿತು. ಕೀನ್ಯಾ 2003ರಲ್ಲಿ ತೆಗೆದಾಗ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಬಂದರು. ಮರುವರ್ಷ ಕಿಮಾನಿ ಮರೂಗೆ ಎಂಬ 84ರ ಅಜ್ಜ ಕೂಡ ಒಂದನೇ ತರಗತಿಗೆ ಸೇರಿಕೊಂಡರು! ಆದರೆ ಮಕ್ಕಳು ಬಂದಷ್ಟು ಬೇಗ ಶಿಕ್ಷಕರು ಬರಲಿಲ್ಲ. ಒಂದು ತರಗತಿಗೆ ನೂರು ಮಕ್ಕಳಾದರೆ ಮೇಷ್ಟ್ರು ಹಾಜರಿ ಕೂಗುವಷ್ಟರಲ್ಲಿ ಅರ್ಧ ಪೀರಿಯಡ್ ಮುಗಿದಿರುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ ಹತ್ತು ಮಕ್ಕಳಲ್ಲಿ ಏಳು ಮಕ್ಕಳಿಗೆ ಸರಳವಾದ ಒಂದು ಬರಹ ಓದಿ ಅರ್ಥ ಮಾಡಿಕೊಳ್ಳಲು ಬರುವುದಿಲ್ಲ ಎಂದು ವಿಶ್ವಬ್ಯಾಂಕ್ 2022ರಲ್ಲಿ ಅಂದಾಜು ಮಾಡಿತು. ಅವರಲ್ಲಿ ಬಹಳಷ್ಟು ಮಕ್ಕಳು ಶಾಲೆಗೆ ಹೋಗುತ್ತಿರುವವರೇ.

ಶುಲ್ಕ ಇಲ್ಲದಿದ್ದರೂ ಮಗುವಿನ ದುಡಿಮೆ ತಪ್ಪುತ್ತದಲ್ಲ, ಬಡವರ ಮನೆಯಲ್ಲಿ ಅದೇ ದೊಡ್ಡ ಖರ್ಚು. ಮೆಕ್ಸಿಕೊ 1997ರಲ್ಲಿ ಇದಕ್ಕೆ ನೇರ ಉತ್ತರ ಕೊಟ್ಟಿತು: ಮಕ್ಕಳ ಹಾಜರಿ ಸರಿಯಿದ್ದರೆ ತಾಯಿಯ ಕೈಗೆ ಹಣ, ಮೇಲಿನ ತರಗತಿಯ ಹುಡುಗಿಯರಿಗೆ ಸ್ವಲ್ಪ ಜಾಸ್ತಿ. ಕೆಲವೊಮ್ಮೆ ಕಾರಣ ಇನ್ನೂ ಚಿಕ್ಕದು. ಪಶ್ಚಿಮ ಕೀನ್ಯಾದಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟಾಗ ಗೈರುಹಾಜರಿ ಕಾಲು ಭಾಗದಷ್ಟು ಇಳಿಯಿತು. ನಾವು ಇಲ್ಲಿ ಪಠ್ಯಕ್ರಮದ ಬಗ್ಗೆ ಚರ್ಚೆ ಮಾಡುತ್ತಿರುತ್ತೇವೆ, ಅಲ್ಲಿ ಮಗುವಿಗೆ ಹೊಟ್ಟೆನೋವು.

ಕಟ್ಟಡದ ಲೆಕ್ಕದಲ್ಲಿ ಯಾವತ್ತೂ ಬರದ ವಿಷಯ ಒಂದಿದೆ: ವಯಸ್ಸು. ಎಂಟು ವರ್ಷಕ್ಕೆ ಊರು ಬಿಟ್ಟ ಹುಡುಗ ಹದಿಮೂರಕ್ಕೆ ಮತ್ತೆ ಶಾಲೆಗೆ ಬಂದರೆ ಅವನನ್ನು ಎಲ್ಲಿ ಕೂರಿಸುತ್ತೀರಿ? ಮೂರನೇ ತರಗತಿಯ ಬೆಂಚಿನಲ್ಲಿ ಅವನ ಮಂಡಿ ಹಿಡಿಸುವುದಿಲ್ಲ. ಎರಡು ದಿನ ಬಂದು ನಾಚಿಕೆಯಿಂದ ಬಿಡುತ್ತಾನೆ. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಯುದ್ಧ ನಡೆದು ಇಂಥ ಮಕ್ಕಳೇ ತುಂಬಿಹೋಗಿದ್ದರು. ಅಲ್ಲಿ ಆರು ವರ್ಷದ ಪ್ರಾಥಮಿಕ ಪಾಠವನ್ನು ಮೂರು ವರ್ಷಕ್ಕೆ ಇಳಿಸಿ, ಒಂದೇ ವಯಸ್ಸಿನವರನ್ನು ಒಟ್ಟಿಗೆ ಕೂರಿಸಿ ಕಲಿಸಿದರು. ಪಕ್ಕದ ಲೈಬೀರಿಯಾದಲ್ಲೂ ಹಾಗೇ ಮಾಡಿದರು. ನನಗೆ ಇದು ಯಾವ ಹೊಸ ಕಟ್ಟಡಕ್ಕಿಂತಲೂ ಜಾಣತನದ ಕೆಲಸವಾಗಿ ಕಾಣುತ್ತದೆ.

ಗಡಿ ದಾಟಿದವರಿಗೆ ಇನ್ನೊಂದು ತಲೆನೋವು, ಕಾಗದ. ಅಂಕಪಟ್ಟಿ ಸುಟ್ಟುಹೋಗಿರುತ್ತದೆ, ಜನನ ಪ್ರಮಾಣಪತ್ರ ಇರುವುದಿಲ್ಲ. ಯಾವ ದೇಶದ ಪಾಠ, ಯಾವ ಭಾಷೆ ಎನ್ನುವುದೂ ತೀರ್ಮಾನವಾಗಿರುವುದಿಲ್ಲ. 2017ರ ಆಗಸ್ಟಿನ ನಂತರ ಮ್ಯಾನ್ಮಾರಿನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಬಂದರು. ಶಿಬಿರದ ಮಕ್ಕಳಿಗೆ ಬಂಗಾಳಿ ಪಠ್ಯಕ್ಕೆ ಅನುಮತಿ ಸಿಗಲಿಲ್ಲ. ಮ್ಯಾನ್ಮಾರಿನ ಪಠ್ಯ ಶುರುವಾಗಿದ್ದು 2021ರ ಕೊನೆಗೆ. ನಡುವಿನ ನಾಲ್ಕು ವರ್ಷ ಹಾಡು, ಅಕ್ಷರ, ಲೆಕ್ಕದಲ್ಲೇ ಕಳೆಯಿತು. ಉಗಾಂಡ ಇದಕ್ಕೆ ಉಲ್ಟಾ: ದಕ್ಷಿಣ ಸುಡಾನಿನಿಂದ ಬಂದ ಮಕ್ಕಳು ಅಲ್ಲಿನ ಮಕ್ಕಳ ಜೊತೆಯೇ, ಅದೇ ಪಠ್ಯ ಓದುತ್ತಾರೆ. ತರಗತಿ ಕಿಕ್ಕಿರಿಯುತ್ತದೆ, ಆದರೂ ಕೈಗೆ ಬರುವ ಸರ್ಟಿಫಿಕೇಟಿಗೆ ಬೆಲೆ ಇದೆ. ಲೆಬನಾನ್ ಬೆಳಿಗ್ಗೆ ಸ್ಥಳೀಯರಿಗೆ, ಮಧ್ಯಾಹ್ನ ಸಿರಿಯಾದ ಮಕ್ಕಳಿಗೆ ಎಂದು ಎರಡು ಪಾಳಿ ಮಾಡಿತು. ಅದಕ್ಕೂ ಹೊಸ ಕಟ್ಟಡ ಬೇಕಾಗಲಿಲ್ಲ ನೋಡಿ.

'ಮೊದಲು ಅನ್ನ, ಔಷಧಿ' ಅಂದಿರಲ್ಲ, ಯುದ್ಧ ಆರು ತಿಂಗಳಲ್ಲಿ ಮುಗಿಯುವುದಾದರೆ ನಾನೂ ಒಪ್ಪುತ್ತೇನೆ. ಯೆಮನ್‌ನಲ್ಲಿ 2014ರಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದ ಮಗುವಿಗೆ ಈಗ ಹೈಸ್ಕೂಲು ಮುಗಿಸುವ ವಯಸ್ಸು. ಅದರ ಇಡೀ ಬಾಲ್ಯವೇ 'ಆಮೇಲೆ' ಅನ್ನುವುದರಲ್ಲಿ ಹೋಯಿತು. ಆದರೂ ಜಗತ್ತಿನ ತುರ್ತು ನೆರವಿನಲ್ಲಿ ಶಿಕ್ಷಣಕ್ಕೆ ಹೋಗುವುದು ನೂರಕ್ಕೆ ಮೂರರ ಆಸುಪಾಸು.

ನೀವು ಯಾವುದಾದರೂ ಸಂಸ್ಥೆಗೆ ಹಣ ಕೊಡುವ ಯೋಚನೆಯಲ್ಲಿ ಈ ಪ್ರಶ್ನೆ ಕೇಳಿದ್ದರೆ, ಅವರು ಕಳಿಸುವ ಕಟ್ಟಡದ ಫೋಟೋ ನೋಡಿ ಮೆಚ್ಚಿಕೊಳ್ಳಿ, ಪರವಾಗಿಲ್ಲ. ಆಮೇಲೆ ಮೂರು ವಿಷಯ ಕೇಳಿ. ಮೂರನೇ ವರ್ಷ ಶಿಕ್ಷಕರಿಗೆ ಸಂಬಳ ಕೊಡುವವರು ಯಾರು? ಅತಿ ದೂರದ ಮನೆಯ ಹುಡುಗಿ ಎಷ್ಟು ದೂರ ನಡೆಯುತ್ತಾಳೆ? ಓದು ಮುಗಿದ ಮೇಲೆ ಸಿಗುವ ಕಾಗದವನ್ನು ಯಾರು ಒಪ್ಪುತ್ತಾರೆ? ನಾನು ಪಾಠ ಮಾಡುವ ಹುಡುಗಿಯರಿಗೆ ಈ ಮೂರನೆಯದಕ್ಕೆ ಉತ್ತರ ಕೊಡಲು ನನ್ನ ಹತ್ತಿರವೂ ಏನೂ ಇಲ್ಲ. ಅವರು ಕೇಳುತ್ತಾರೆ. ನಾನು ಮುಂದಿನ ಲೆಕ್ಕ ಕಳಿಸುತ್ತೇನೆ.