ಪ್ರಾಯೋಗಿಕ ಪರೀಕ್ಷೆಗೆ ಓದುತ್ತಿದ್ದೇನೆ, ರೂಪಾಂತರ ಶಿಲೆಗಳನ್ನು ಬಣ್ಣ ನೋಡಿ ಗುರುತಿಸುವ ಪಟ್ಟಿ ಯಾರ ಬಳಿಯಾದರೂ ಇದೆಯೇ ಎಂದು ಕೇಳಿದ್ದೀರಿ.

ನನ್ನ ಬಳಿ ಇತ್ತು. ಭೂವಿಜ್ಞಾನದ ಪದವಿ ಮುಗಿಸಿ ಹೊಸೂರಿನಲ್ಲಿ ಚಪ್ಪಡಿ ವ್ಯಾಪಾರಕ್ಕೆ ಇಳಿದಾಗ ಅಂಥ ಪಟ್ಟಿಯ ರೂಢಿಯಂತೆ ಸಣ್ಣ ತುಂಡು ನೋಡಿ ಹೆಸರಿಟ್ಟೇ ಕೈ ಸುಟ್ಟುಕೊಂಡೆ.

ದೇಂಕಣಿಕೋಟೆ ಕಡೆಯ ಗಿರಾಕಿಯೊಬ್ಬರು ನಡುಮನೆಗೆ ಗೆರೆಯಿಲ್ಲದ ತಿಳಿಬಣ್ಣದ ಗ್ರಾನೈಟ್ ಬೇಕೆಂದರು. ಕೃಷ್ಣಗಿರಿಯ ಹತ್ತಿರದ ಕ್ವಾರಿಯಿಂದ ಅಂಗೈಯಗಲದ ತುಂಡೊಂದನ್ನು ತರಿಸಿ ಮಸೂರದಲ್ಲಿ ನೋಡಿದೆ. ಬೆಣಚು, ನಸುಗೆಂಪು ಫೆಲ್ಡ್‌ಸ್ಪಾರ್, ಅಲ್ಲೊಂದು ಇಲ್ಲೊಂದು ಕಾಗೆಬಂಗಾರ. ಹರಳುಗಳಿಗೆ ದಿಕ್ಕುದೆಸೆಯಿಲ್ಲ. ಗ್ರಾನೈಟೇ ಸರಿ ಎಂದು ಮುಂಗಡ ಕೊಟ್ಟೆ. ಲಾರಿಯಿಂದ ಇಳಿದ ಚಪ್ಪಡಿಗಳ ತುಂಬ ಕಪ್ಪು ಪಟ್ಟೆಗಳು! ಗಿರಾಕಿ ಒಂದನ್ನೂ ಒಳಗೆ ಬಿಡಲಿಲ್ಲ. ಸಾಗಣೆ, ಪಾಲಿಶ್ ಎಲ್ಲದರ ಖರ್ಚೂ ನನ್ನ ತಲೆಗೆ ಬಿತ್ತು.

ಖನಿಜಗಳನ್ನು ನಾನು ಸರಿಯಾಗಿಯೇ ಗುರುತಿಸಿದ್ದೆ, ಇದನ್ನು ಈಗಲೂ ವಾದಿಸುತ್ತೇನೆ. ತಪ್ಪಿದ್ದು ತುಂಡಿನ ಅಳತೆಯಲ್ಲಿ. ಅದು ಮಿಗ್ಮಟೈಟ್. ನೆಲದಾಳದ ಬಿಸಿಗೆ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆ ಅರೆಬರೆ ಕರಗಿದಾಗ ಬೆಣಚು, ಫೆಲ್ಡ್‌ಸ್ಪಾರ್ ಬೇರ್ಪಟ್ಟು ತಿಳಿ ಪಟ್ಟೆಗಳಾಗುತ್ತವೆ. ಕಪ್ಪು ಕಾಗೆಬಂಗಾರವಾದ ಬಯೋಟೈಟ್, ಹಾರ್ನ್‌ಬ್ಲೆಂಡ್ ಕಪ್ಪು ಪಟ್ಟೆಗಳಾಗಿ ಉಳಿಯುತ್ತವೆ. ತಿಳಿ ಪಟ್ಟೆ ಗೇಣಗಲವಿದ್ದರೆ ಅಂಗೈಯಗಲದ ತುಂಡು ಇಡಿಯಾಗಿ ಅದರೊಳಗಿಂದಲೇ ಬರಬಹುದು. ಕರಗಿ ಗಟ್ಟಿಯಾದ ಆ ಭಾಗದ ಮಟ್ಟಿಗೆ ಅದು ಗ್ರಾನೈಟೇ! ಕ್ವಾರಿಯವರು ಮೋಸ ಮಾಡಿರಲಿಲ್ಲ. ಬಂಡೆಯ ಮುಖವನ್ನು ದೂರ ನಿಂತು ನೋಡದೆ ತುಂಡಿಗೆ ಹೆಸರಿಟ್ಟವನು ನಾನು. ಒಂದು ಬಸ್ ಟಿಕೆಟ್ಟಿನಲ್ಲಿ ಮುಗಿಯುತ್ತಿದ್ದ ಕೆಲಸ.

ಆದ್ದರಿಂದ ನಿಮ್ಮ ಪ್ರಾಯೋಗಿಕ ಪರೀಕ್ಷೆಗೆ ಬಣ್ಣದ ಪಟ್ಟಿ ಬೇಡವೇ ಬೇಡ. ಬಣ್ಣ, ಅಂಗಡಿಯ ಹೆಸರು ಎರಡೂ ದಾರಿ ತಪ್ಪಿಸುತ್ತವೆ: ನಮ್ಮ ಅಂಗಡಿಗಳ ‘ಕಪ್ಪು ಗ್ರಾನೈಟ್’ ಹೆಚ್ಚಾಗಿ ಡಾಲರೈಟ್ ಎಂಬ ಬೇರೆಯೇ ಅಗ್ನಿಶಿಲೆ, ರೂಪಾಂತರ ಶಿಲೆಯಲ್ಲ. ಮೊದಲು ಪದರ ಇದೆಯೇ ನೋಡಿ. ಇದ್ದರೆ ಹರಳಿನ ಗಾತ್ರ ನೋಡಿ: ಸ್ಲೇಟಿನಲ್ಲಿ ಹರಳು ಕಣ್ಣಿಗೆ ಕಾಣದು, ಫಿಲೈಟಿಗೆ ರೇಷ್ಮೆಯ ಹೊಳಪು, ಶಿಸ್ಟಿನಲ್ಲಿ ಕಾಗೆಬಂಗಾರ ಎದ್ದು ಕಾಣುತ್ತದೆ, ನೈಸ್‌ನಲ್ಲಿ ಪಟ್ಟೆಗಳು. ಪದರವಿಲ್ಲದಿದ್ದರೆ ಚಾಕುವಿನಿಂದ ಗೀರಿ. ಅಮೃತಶಿಲೆಯಲ್ಲಿ ಗೀರು ಬೀಳುತ್ತದೆ. ಬೆಣಚಿನಿಂದಾದ ಕ್ವಾರ್ಟ್ಜೈಟ್ ಚಾಕುವಿಗಿಂತ ಗಟ್ಟಿ, ಅದರ ಮೇಲೆ ಉಳಿಯುವ ಬೂದುಗೆರೆ ಚಾಕುವಿನ ಉಕ್ಕು. ಅದನ್ನು ಗೀರೆಂದು ತಿಳಿದು ಅಮೃತಶಿಲೆ ಎಂದು ಬರೆಯುವವರು ಬಹಳ.

ಓದುವುದನ್ನು ಬಿಟ್ಟು ಒಂದು ಭಾನುವಾರ ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಹೋಗಿ ಬನ್ನಿ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಅದು. ಇನ್ನೊಂದು ಭಾನುವಾರ ಕೃಷ್ಣಗಿರಿಯಿಂದ ಧರ್ಮಪುರಿಯ ಕಡೆ ಇಳಿಯಿರಿ. ದಕ್ಷಿಣಕ್ಕೆ ಸಾಗಿದಂತೆ ಪಟ್ಟೆಯ ನೈಸ್ ಹಿಂದೆ ಸರಿದು, ಜಿಡ್ಡು ಹೊಳಪಿನ ಹಸಿರುಗಪ್ಪು ಚಾರ್ನಕೈಟ್ ಎಂಬ ಶಿಲೆ ಕಾಣಿಸಿಕೊಳ್ಳುತ್ತದೆ. ಭೂವಿಜ್ಞಾನಿ ಥಾಮಸ್ ಹಾಲೆಂಡ್ 1900ರಲ್ಲಿ ಅದನ್ನು ಅಗ್ನಿಶಿಲೆ ಎಂದಿದ್ದರು. ಇಲ್ಲಿಯದನ್ನು ಈಗ ಅತಿ ಬಿಸಿಯಲ್ಲಿ ರೂಪಾಂತರಗೊಂಡ ಶಿಲೆ ಎನ್ನುತ್ತಾರೆ. ಅದರ ಚೂರೊಂದನ್ನು ಹಿಡಿದುಹೋಗಿ, ನಿಮ್ಮ ಪಟ್ಟಿಯ ಯಾವ ಕಂಬಸಾಲಿಗೆ ಸೇರಿಸಬೇಕೆಂದು ಮೇಷ್ಟರನ್ನೇ ಕೇಳಿ.