ಕುರ್ಚಿ ಬದಲಾಯಿತು, ಜೊತೆಯವರು ಮಾತು ನಿಲ್ಲಿಸಿದರು

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿ ಸೇರಿ 22 ವರ್ಷ ದುಡಿದೆ. ಎರಡು ವರ್ಷದ ಹಿಂದೆ ಸಿಇಒ ಆದೆ. ಮೊದಲು ಎಲ್ಲರೂ ಒಟ್ಟಿಗೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಈಗ ನಾನು ಒಳಗೆ ಹೋದರೆ ಮಾತು ನಿಲ್ಲುತ್ತದೆ. ಎಲೆಚುಕ್ಕಿ ರೋಗದಿಂದ ಅಡಿಕೆ ಫಸಲು ಕೈಕೊಟ್ಟು ಸಾಲ ಕಟ್ಟಲಾಗದವರಿಗೆ ನೋಟಿಸ್ ಕಳಿಸಬೇಕಿದೆ. ಪಟ್ಟಿಯಲ್ಲಿ ನಮ್ಮ ಪಕ್ಕದ ಮನೆಯವರೂ ಇದ್ದಾರೆ. ಮೊನ್ನೆ ಒಂದು ಸಣ್ಣ ತಪ್ಪಿಗೆ ಸಾಲ ವಿಭಾಗದ ಹುಡುಗನ ಮೇಲೆ ಎಲ್ಲರೆದುರು ಕೂಗಾಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಹುದ್ದೆಗೆ ನಾನು ತಕ್ಕವನಲ್ಲವೇ?

ಉತ್ತರ: ತಕ್ಕವನೋ ಅಲ್ಲವೋ ಎಂಬ ಪ್ರಶ್ನೆ ಸದ್ಯ ಪಕ್ಕಕ್ಕಿರಲಿ. ಕೂಗಾಡಿದ ರಾತ್ರಿ ನಿದ್ದೆ ಬರಲಿಲ್ಲ ಅಂದಿರಲ್ಲ, ನನಗೆ ದೊಡ್ಡದಾಗಿ ಕಂಡಿದ್ದು ಅದು. ಮೊದಲು ಒಂದು ವಿಷಯ ನೆನಪು ಮಾಡಿಕೊಳ್ಳಿ. ಆ ದಿನ ನಿಮ್ಮ ಮೇಜಿನ ಮೇಲೆ ಏನಿತ್ತು? ನೋಟಿಸಿನ ಪಟ್ಟಿ ಇತ್ತು, ಅಲ್ವಾ? ಪಕ್ಕದ ಮನೆಯವರ ಹೆಸರಿನೆದುರು ಸಹಿ ಹಾಕುವ ಸಂಕಟವನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗಲಿಲ್ಲ. ಅದು ಸಿಟ್ಟಾಗಿ ಆ ಹುಡುಗನ ಮೇಲೆ ಬಿದ್ದಿರಬೇಕು ಎಂದು ನನ್ನ ಅನಿಸಿಕೆ.

ಹಾಗಾಗಿ ಒಂದು ಅಭ್ಯಾಸ ಮಾಡಿ. ಸಭೆಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಆಗಿನ ಮನಸ್ಥಿತಿಯನ್ನು ಒಂದೇ ಸಾಲಲ್ಲಿ ಬರೆಯಿರಿ. ‘ಸಿಟ್ಟು’ ಅಂತ ಬರೆದು ನಿಲ್ಲಿಸಬೇಡಿ. ಅದರ ಅಡಿಯಲ್ಲಿ ಹೆದರಿಕೆ ಇದೆಯೇ, ನಾಚಿಕೆಯೇ, ನೋವೇ ನೋಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು 2007ರಲ್ಲಿ ಇದನ್ನು ಪರೀಕ್ಷಿಸಿದ್ದರು. ಸಿಟ್ಟು, ಭಯದ ಮುಖಗಳ ಚಿತ್ರ ನೋಡಿದವರು ಆ ಭಾವನೆಗೊಂದು ಹೆಸರು ಕೊಟ್ಟಾಗ, ಮಿದುಳಿನಲ್ಲಿ ಅಪಾಯಕ್ಕೆ ಎಚ್ಚರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತ್ತು.

ಇನ್ನು ಆ ಮೌನ. 1955ರಲ್ಲಿ ಜೋಸೆಫ್ ಲುಫ್ಟ್, ಹ್ಯಾರಿಂಗ್‌ಟನ್ ಇಂಗಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ‘ಜೊಹಾರಿ ಕಿಟಕಿ’ ಎಂಬ ಚಿತ್ರ ಕೊಟ್ಟರು. ನಮ್ಮ ಬಗ್ಗೆ ನಮಗೆಷ್ಟು ಗೊತ್ತು, ಬೇರೆಯವರಿಗೆಷ್ಟು ಗೊತ್ತು ಎಂದು ಅದು ತೋರಿಸುತ್ತದೆ. ಇಬ್ಬರ ಹೆಸರು ಸೇರಿಸಿಯೇ ಆ ಹೆಸರು. ಅದರ ನಾಲ್ಕು ಮನೆಗಳಲ್ಲಿ ಒಂದು, ಬೇರೆಯವರಿಗೆ ಕಾಣುವ, ನಮಗೆ ಮಾತ್ರ ಕಾಣದ ನಮ್ಮ ಗುಣ. ಹುದ್ದೆ ಏರಿದಷ್ಟೂ ಈ ಮನೆ ದೊಡ್ಡದಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಯಾಕೆಂದರೆ ಹೇಳುವವರೇ ಇರುವುದಿಲ್ಲ.

ನನಗೂ ಹೀಗಾಗಿತ್ತು. ಹಿಂದೆ ಒಂದು ಸಂಸ್ಥೆಯ ಮುಖ್ಯಸ್ಥೆಯಾಗಿದ್ದಾಗ ಪ್ರತಿ ಸಭೆಯ ಕೊನೆಗೆ ‘ಏನಾದ್ರೂ ಹೇಳೋದಿದೆಯಾ?’ ಎಂದು ಕೇಳುತ್ತಿದ್ದೆ. ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಹಿರಿಯ ಅಟೆಂಡರ್ ಒಬ್ಬರು ಮೆಲ್ಲಗೆ ಹೇಳಿದರು: ‘ಮೇಡಂ, ನೀವು ಅದನ್ನ ಕೇಳೋವಾಗಲೇ ಫೈಲ್ ಮುಚ್ಚಿಬಿಡ್ತೀರಿ.’ ಅವರು ಹೇಳದಿದ್ದರೆ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ನೀವೂ ನಂಬಿಕೆಯ ಒಬ್ಬರನ್ನು ಕೇಳಿ. ‘ನಾನು ಹೇಗಿದ್ದೇನೆ?’ ಅಂದರೆ ‘ಚೆನ್ನಾಗಿದ್ದೀರಿ ಸರ್’ ಅಂತಲೇ ಬರುತ್ತದೆ. ‘ಹೋದ ಸಭೆಯಲ್ಲಿ ನಾನು ಯಾವಾಗ ನಿಮ್ಮ ಮಾತು ತಡೆದೆ?’ ಎಂದು ಕೇಳಿ. ಉತ್ತರ ಬಂದಾಗ ಸಮಜಾಯಿಷಿ ಕೊಡಬೇಡಿ. ಅದು ತುಂಬಾ ಕಷ್ಟ, ಗೊತ್ತು.

ಆ ಹುಡುಗನ ಕ್ಷಮೆಯನ್ನು ಎಲ್ಲರೆದುರೇ ಕೇಳಿ. ಕೂಗಾಡಿದ್ದು ಎಲ್ಲರೆದುರು ತಾನೇ. ಎರಡೇ ಮಾತು ಸಾಕು, ‘ಆದರೆ’ ಎಂದು ಸೇರಿಸಬೇಡಿ.

ನೋಟಿಸ್ ಅಂಚೆಗೆ ಹೋಗುವ ಮೊದಲು ಪಕ್ಕದ ಮನೆಯ ಜಗಲಿಗೆ ಹೋಗಿ ಕೂರಿ. ‘ಕಾಗದ ಬರುತ್ತೆ, ಸಹಿ ನನ್ನದೇ’ ಎಂದು ನೀವೇ ಹೇಳಿ. ನಿಯಮದಲ್ಲಿ ಏನು ಅವಕಾಶ ಇದೆಯೋ ಅಷ್ಟನ್ನು ತಿಳಿಸಿ, ಇಲ್ಲದ ಭರವಸೆ ಕೊಡಬೇಡಿ. ಪಟ್ಟಿಯಲ್ಲಿರುವ ಉಳಿದವರಿಗೂ ಮುಂಚಿತವಾಗಿ ಒಂದು ಫೋನ್ ಹೋಗಲಿ. ನೆರೆಯವರಿಗೊಂದು, ದೂರದವರಿಗೊಂದು ಆಗಬಾರದು.

ನಿಮ್ಮ ಭಾರ ಇಳಿಸಿಕೊಳ್ಳಲು ಬೇರೆ ಸೊಸೈಟಿಯ ಸಿಇಒ ಒಬ್ಬರ ಸ್ನೇಹ ಮಾಡಿಕೊಳ್ಳಿ. ನಿದ್ದೆಗೇಡು ಎರಡು ವಾರ ಮೀರಿದರೆ ಸುಮ್ನೆ ಸಹಿಸಿಕೊಂಡು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ.

ಊಟದ ಡಬ್ಬಿ ಹಿಡಿದು ದಿನಾ ಅವರ ನಡುವೆ ಕೂರಲು ಹೋಗಬೇಡಿ. ನಿಮ್ಮ ಬಗ್ಗೆ ಗೊಣಗಿಕೊಳ್ಳಲೂ ಅವರಿಗೊಂದು ಜಾಗ ಬೇಕು. ವಾರಕ್ಕೊಂದು ದಿನ ಹೋಗಿ. ಆ ದಿನ ವಸೂಲಿಯ ಮಾತು ತೆಗೆಯಬೇಡಿ.